ಮಾರ್ಕೋನಹಳ್ಳಿ ತೆಪ್ಪಕ್ಕೆ ಮುಂದು ಯಾವುದು? – ಒಂದು ಪ್ರೌಢ ಮೀಮಾಂಸೆ

ಇನ್ನು ತೆಪ್ಪಜಿಜ್ಞಾಸೆ. ತುಮಕೂರು ಸೀಮೆಯಲ್ಲಿ ನದೀವಿಹಾರವೆಂಬುದು ಕಾರಿನಲ್ಲಿ ಮಾಡುವಂಥದ್ದು. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಹಾದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರುವಷ್ಟರಲ್ಲಿ ಬೇಸಿಗೆಯಾದರೆ ಎಷ್ಟೋ ಕಡೆ ತಲೆಮರೆಸಿಕೊಂಡಿರುತ್ತಾಳೆ. ಆದ್ದರಿಂದ ನಮ್ಮ ವಿದ್ವನ್ಮಂಡಲಿಗೆ (ಇಬ್ಬರು ಮೇಷ್ಟ್ರು, ಒಬ್ಬ ವಕೀಲ, ಗುಬ್ಬಿಯ ಅಡಿಕೆ ವ್ಯಾಪಾರಿಯೊಬ್ಬ) ನೀರೆಂಬ ಪದಾರ್ಥ ಪ್ರತ್ಯಕ್ಷವಾದದ್ದು ಮಾರ್ಕೋನಹಳ್ಳಿಯಲ್ಲೇ. ಅದರ ಮೇಲೊಂದು ತೆಪ್ಪ.

ವಸ್ತುವಿವರ: ಬಿದಿರು ದೆಬ್ಬೆಯ ಹೆಣಿಗೆ, ಹೊರಗೆ ಗೊಬ್ಬರದ ಚೀಲ, ಅದರ ಮೇಲೆ ಟಾರು. ಟಾರಿನಡಿಯಿಂದ 'ಯೂರಿಯಾ' ಎಂಬ ಅಕ್ಷರಗಳು ಇಣುಕುತ್ತಿದ್ದವು. ಶಾಸನವೆಂದು ಬಗೆದು ಪಡಿಯಚ್ಚು ತೆಗೆಯಲಾಯಿತು. ಕಾಲ: ಚರ್ಮದ ತೆಪ್ಪಗಳ ಯುಗ ಮುಗಿದ ಮೇಲೆ, ಸಬ್ಸಿಡಿ ಯುಗ ಮುಗಿಯುವ ಮುಂಚೆ.

ಸಂಶಯ ಎದ್ದದ್ದು ಇಲ್ಲಿ: ಗುಂಡಗಿನ ಈ ವಾಹನಕ್ಕೆ ಮುಂದು ಯಾವುದು, ಹಿಂದು ಯಾವುದು? ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೂ ಮುಂದು-ಹಿಂದಿಲ್ಲ, ಆದರೂ ಎಲ್ಲಿಂದ ಮುರಿಯಬೇಕೆಂದು ಯಾರೂ ಒದ್ದಾಡಿಲ್ಲ ಎಂದ ವ್ಯಾಪಾರಿಯ ವಾದವನ್ನು ಅಪ್ರಸ್ತುತವೆಂದು ತಳ್ಳಿಹಾಕಲಾಯಿತು.

ಪೂರ್ವಪಕ್ಷ ಪಾಯೆಸ್‌ನದು. ಸುಮಾರು 1520ರಲ್ಲಿ ವಿಜಯನಗರ ಕಂಡ ಈ ಪೋರ್ಚುಗೀಸ್ ಪ್ರವಾಸಿಯ ಪ್ರಕಾರ, ಹದಿನೈದಿಪ್ಪತ್ತು ಜನ ಹಿಡಿಸುವ ಈ ಬುಟ್ಟಿದೋಣಿಗಳು ನೆಟ್ಟಗೆ ಹೋಗಲಾರವು, ಸದಾ ಗಿರಗಿರ ತಿರುಗುತ್ತವೆ. ಮೀನಿನ ಬಲೆ ಎತ್ತಲು ಹೊರಟ ಅಣ್ಣ ಇದನ್ನು ಓದಿರಲಿಲ್ಲ. ಅಂಚಿನಲ್ಲಿ ಮಂಡಿಯೂರಿ, ಹುಟ್ಟನ್ನು ಮುಂದೆ ಚಾಚಿ, ನೀರನ್ನು ತನ್ನತ್ತ ಎಳೆದುಕೊಳ್ಳುತ್ತ ಗೆರೆ ಕೊರೆದಂತೆ ನೆಟ್ಟಗೆ ಹೋದ. ಹುಟ್ಟು ಎಲ್ಲಿಯೋ ಮುಂದೂ ಅಲ್ಲಿಯೇ ಎಂಬುದು ಸಿದ್ಧಾಂತ. ಆಮೇಲೆ ವಕೀಲರು ಹುಟ್ಟು ಹಿಡಿದರು. ತೆಪ್ಪ ನಿಂತಲ್ಲೇ ಬುಗುರಿಯಾಯಿತು. ಪಾಯೆಸ್ ಕಂಡ ಅಂಬಿಗನೂ ಕಾನೂನು ಓದಿದವನೇ ಇರಬೇಕೆಂದು ಊಹಿಸಲು ಅಡ್ಡಿಯಿಲ್ಲ.

ತುಂಬಿದಾಗ ತಾನೇ ತಾನಾಗಿ ನೀರು ಹೊರಚೆಲ್ಲುವ ಸೈಫನ್ ಈ ಅಣೆಕಟ್ಟಿನ ಹೆಗ್ಗಳಿಕೆ. ವಿದ್ವಾಂಸರಿಗೆ ಅಂಥ ಏರ್ಪಾಡಿಲ್ಲವಾಗಿ ಮೇಷ್ಟ್ರೊಬ್ಬರು ಹೆರೊಡೋಟಸ್‌ಗೆ ಜಿಗಿದರು. ಬ್ಯಾಬಿಲೋನಿಗೆ ಸರಕು ತರುತ್ತಿದ್ದ ಚರ್ಮದ ಗುಂಡುದೋಣಿಗಳಲ್ಲಿ ಒಂದೊಂದು ಕತ್ತೆಯಾದರೂ ಇರುತ್ತಿತ್ತಂತೆ. ಸರಕೂ ದೋಣಿಯ ಚೌಕಟ್ಟೂ ಮಾರಾಟವಾದ ಮೇಲೆ ಚರ್ಮವನ್ನು ಅದರ ಬೆನ್ನಿಗೆ ಹೇರಿ ನೆಲದ ಮೇಲೆ ಹಿಂದಿರುಗುವುದು ವಾಡಿಕೆ. ನಮ್ಮ ತೆಪ್ಪದಲ್ಲಿ ಆ ಸ್ಥಾನ ಖಾಲಿಯಿತ್ತೆಂದು ಖಚಿತವಾಗಿ ಹೇಳಲಾಗದು.

ಕುದುರೆ, ಎತ್ತುಗಳೂ ತೆಪ್ಪದಲ್ಲಿ ದಾಟಬಲ್ಲವೆಂದು ಪಾಯೆಸ್ ಬರೆದದ್ದೊಂದು ಪರೀಕ್ಷೆಗೆ ಉಳಿದಿದೆ. ರೇಸಿನ ಕುದುರೆ ಸಾಕುವ ಕುಣಿಗಲ್ ಫಾರಂ ಅದೇ ತಾಲ್ಲೂಕಿನಲ್ಲಿದ್ದರೂ ಅನುಮತಿ ಕೇಳುವ ಧೈರ್ಯ ಯಾವ ಸಂಶೋಧಕನಿಗೂ ಬರಲಿಲ್ಲ. ತೆಪ್ಪದ ಅಣ್ಣನ ಅಭಿಪ್ರಾಯ ಕೇಳಲಾಗಿ, ವಕೀಲರ ಕೈಯಿಂದ ಹುಟ್ಟು ಕಸಿದುಕೊಳ್ಳುತ್ತ ಅವನೆಂದ:

"ಕುದ್ರೆ ಆದ್ರೆ ಪರವಾಗಿಲ್ಲ ಸಾಮಿ, ಸುಮ್ನೆ ನಿಂತ್ಕಂತದೆ."