ಶ್ರೀಯುತ ಬ್ಯಾಸಿಲಸ್ ಸೀರಿಯಸ್ ಅವರಿಗೆ ಬಹಿರಂಗ ಪತ್ರ

ಮಣ್ಣಿನ ಮಗ, ಉಂಡ ಮನೆಗೇ ಎರಡು ಬಗೆಯುವ ಬ್ಯಾಕ್ಟೀರಿಯಾ ಶ್ರೀಯುತ ಸೀರಿಯಸ್ ಅವರೇ,

ನಮ್ಮ ನೆಂಟರ ಮದುವೆಗೆ ಕರೆಯದೆ ಬಂದರೂ ಎಲ್ಲರ ನೆನಪಿನಲ್ಲಿ ಉಳಿದವರು ತಾವೊಬ್ಬರೇ. ವಂದನೆಗಳು.

ಗದ್ದೆಯ ಮಣ್ಣಿನಿಂದ ಅಕ್ಕಿಗೆ, ಅಕ್ಕಿಯಿಂದ ಹಂಡೆಗೆ ತಮ್ಮ ಪಯಣ. ಕುದಿನೀರಿನಲ್ಲಿ ತಾವು ಸತ್ತರೂ ತಮ್ಮ ಬೀಜಕಣಗಳು ಸಾಯುವುದಿಲ್ಲವಂತೆ. ಆರತಕ್ಷತೆಯಲ್ಲಿ ಮಿಕ್ಕ ಅನ್ನವನ್ನು ನಾವೇ ಪಂಚೆ ಹೊದಿಸಿ ಮೂಲೆಯಲ್ಲಿ ಬೆಚ್ಚಗೆ ಮಲಗಿಸಿದೆವು. ತಮ್ಮಂಥವರ ಸಂಸಾರ ಬೆಳೆಯಲು 5ರಿಂದ 60 ಡಿಗ್ರಿ ಸೆಲ್ಸಿಯಸ್ ಸಾಕು, ರಾತ್ರಿಯಿಡೀ ಒದಗಿಸಿದೆವು. ಬೆಳಿಗ್ಗೆ ಅದೇ ಅನ್ನಕ್ಕೆ ಒಗ್ಗರಣೆ ಹಾಕಿ, ನಿಂಬೆ ಹಿಂಡಿ, ಚಿತ್ರಾನ್ನವೆಂದು ಬಡಿಸಿದೆವು. 121 ಡಿಗ್ರಿಗೂ ಜಗ್ಗದ ತಮ್ಮ ವಾಂತಿಕಾರಕ ವಿಷಕ್ಕೆ ಸಾಸಿವೆ ಚಟಪಟ ಯಾವ ಲೆಕ್ಕ!

ಪುರೋಹಿತರ ಮುಹೂರ್ತ ತಪ್ಪಿತು, ತಮ್ಮದು ತಪ್ಪಲಿಲ್ಲ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಎಂಬುದು ತಮ್ಮ ಪಂಚಾಂಗ. ಧಾರೆಯ ಹೊತ್ತಿಗೆ ಗಂಡಿನ ಕಡೆ, ಹೆಣ್ಣಿನ ಕಡೆ ಎಂಬ ಭೇದವಿಲ್ಲದೆ ಬೀಗರೆಲ್ಲ ಛತ್ರದ ಶೌಚಾಲಯದ ಮುಂದೆ ಒಂದೇ ಪಂಕ್ತಿಯಲ್ಲಿ ನಿಂತರು.

ಆಮೇಲೆ ವಿಚಾರಣೆ. ಅತ್ತೆ ದೃಷ್ಟಿ ಎಂದರು. ಮಾವ ನೀರು ಬದಲಾಗಿದ್ದಕ್ಕೆ ಎಂದರು. ಇನ್ನೊಬ್ಬರು ಬದನೆಕಾಯಿಯನ್ನು ಕಟಕಟೆಗೆ ಹತ್ತಿಸಿದರು. ಜೇಬಿನಿಂದ ಆಂಟಿಬಯೋಟಿಕ್ ಹಂಚಿದ ದಾನಿಯೂ ಇದ್ದರು. ಮೊದಲೇ ತಯಾರಾದ ವಿಷಕ್ಕೆ ಅದು ಏನು ಮಾಡೀತು? ವೈದ್ಯರು ಮಾತ್ರ ಎರಡೇ ಪ್ರಶ್ನೆ ಕೇಳಿದರು: ಏನು ತಿಂದಿರಿ? ಎಷ್ಟು ಗಂಟೆಗೆ? ತಮ್ಮ ಗುಟ್ಟು ರಟ್ಟಾಯಿತು.

‘ಭೇದಿ ಆಗುವಾಗ ನೀರು ಕೊಡಬೇಡಿ’ ಎಂದ ಹಿರಿಯರಿಗೆ ತಾವು ಋಣಿಯಾಗಿರಬೇಕು. ದೇಹದ ನೀರು, ಲವಣ ಬತ್ತಿದರೆ ಮಕ್ಕಳು, ಮುದುಕರು ಬೇಗ ಕುಸಿಯುತ್ತಾರೆ. ಆದರೆ 1971ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನೋಬಿಸ್, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸಿಯೇ ಕಾಲರಾದಿಂದ ಸಾವಿರಾರು ಜನರನ್ನು ಉಳಿಸಿದ್ದರು. ನಮ್ಮ ವೈದ್ಯರೂ ಓಆರ್‌ಎಸ್ ಪೊಟ್ಟಣವನ್ನೇ ಕೊಟ್ಟರು. ಅದು ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎಂದರು. ಮಲದಲ್ಲಿ ರಕ್ತ, ಮೂತ್ರ ನಿಲ್ಲುವುದು, ಮಂಪರು ಕಂಡರೆ ಆಸ್ಪತ್ರೆಗೆ ಓಡಿ ಎಂದೂ ಹೇಳಿದರು.

ಕೊನೆಯದಾಗಿ, ಈ ಪತ್ರ ಓದುವ ಮದುವೆಮನೆಯ ಯಜಮಾನರಲ್ಲಿ ಒಂದು ಅರಿಕೆ. ಮಿಕ್ಕ ಅನ್ನವನ್ನು ಅಗಲವಾಗಿ ಹರಡಿ ಆರಿಸಿ, 2 ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ; ಆಗದಿದ್ದರೆ ಚೆಲ್ಲಿ. ಅನ್ನ ಚೆಲ್ಲುವುದು ಪಾಪ ಎನ್ನುವವರು ಅಕ್ಕಿಯನ್ನು ಮೊದಲೇ ಅಳೆದು ಹಾಕಲಿ.

ಇಂತಿ,
ಮೂರನೇ ಪಂಕ್ತಿಯ ಸಂತ್ರಸ್ತ