ಕೋನಾರ್ಕದ ತೇಲುವ ದೇವರು

ಪಕ್ಕದ ಮನೆ ಪದ್ಮಕ್ಕ ಪುರಿ ಯಾತ್ರೆ ಮುಗಿಸಿ ಬಂದಿದ್ದಾರೆ. ಕಾಂಪೌಂಡಿನ ಮೇಲಿಂದ ಪ್ರಸಾದದ ಪೊಟ್ಟಣ ಈಚೆ ದಾಟಿತು. ಅದರ ಹಿಂದೆಯೇ ಕೋನಾರ್ಕದ ಕತೆಯೂ ದಾಟಿತು.

“ಗೊತ್ತೇನೋ ಮೂರ್ತಿ, ಅಲ್ಲಿನ ಸೂರ್ಯದೇವರು ಗಾಳೀಲಿ ತೇಲ್ತಿದ್ದನಂತೆ! ಗೋಪುರದ ತುದೀಲಿ ದೊಡ್ಡ ಸೂಜಿಗಲ್ಲು. ಹಡಗಿನ ದಿಕ್ಸೂಚಿ ಕೆಡುತ್ತೆ ಅಂತ ಪರಂಗಿಯವರು ಕಿತ್ಕೊಂಡು ಹೋದ್ರಂತೆ. ಗೈಡೇ ಹೇಳಿದ.”

ಗೈಡು ಹೇಳಿದ ಮೇಲೆ ಮುಗಿಯಿತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. “ಸೋಮನಾಥಕ್ಕೂ ಇದೇ ಕತೆ ಕಟ್ಟಿದ್ದಾರಕ್ಕ, 13ನೇ ಶತಮಾನದ ಕಜ್ವೀನಿ ಅನ್ನೋ ಲೇಖಕ ಬರೆದಿಟ್ಟಿದ್ದಾನೆ. ಬರೀ ಅಯಸ್ಕಾಂತ ಇಟ್ಟು ಕಬ್ಬಿಣ ತೇಲಿಸೋಕಾಗಲ್ಲ.”

“ಯಾಕಾಗಲ್ಲ? ಇಷ್ಟಿಷ್ಟು ದಪ್ಪ ಕಬ್ಬಿಣದ ತೊಲೆಗಳು ಅಲ್ಲಿ ಬಿದ್ದಿವೆ, ಕಣ್ಣಾರೆ ನೋಡಿದೀನಿ.”

ತೊಲೆಗಳೇನೋ ನಿಜ, ಕಲ್ಲಿನ ಭಾರ ಹೊರಲು ಹಾಕಿದ್ದವು. ಬಾಯಿಮಾತಿಗೆ ಬಗ್ಗುವವರಲ್ಲ ಎಂದು ಒಳಗಿಂದ ಎರಡು ಉಂಗುರದಂಥ ಅಯಸ್ಕಾಂತ, ಒಂದು ಪೆನ್ಸಿಲ್ ತಂದೆ. ಒಂದನ್ನೊಂದು ತಳ್ಳುವಂತೆ ಪೆನ್ಸಿಲಿಗೆ ಪೋಣಿಸಿದರೆ ಮೇಲಿನದು ಅರ್ಧ ಇಂಚು ಮೇಲೇ ನಿಂತಿತು. “ನೋಡು, ತೇಲ್ತು!” ಎಂದರು. ಪೆನ್ಸಿಲ್ ಎಳೆದೆ. ಮೇಲಿನ ಉಂಗುರ ಪಕ್ಕಕ್ಕೆ ಜಾರಿ, ಮಗುಚಿ, ಟಪ್ಪೆಂದು ಕೆಳಗಿನದಕ್ಕೆ ಕಚ್ಚಿಕೊಂಡಿತು.

“ಎಷ್ಟು ಅಯಸ್ಕಾಂತ ಹೇಗೇ ಜೋಡಿಸಿದ್ರೂ ಇಷ್ಟೇ. ಮೇಲೆ ಕೆಳಗೆ ಸರಿಹೋದ್ರೆ ಅಕ್ಕಪಕ್ಕ ಕೈಕೊಡುತ್ತೆ, ಅಕ್ಕಪಕ್ಕ ಸರಿಹೋದ್ರೆ ಮೇಲೆ ಕೆಳಗೆ. ಅರ್ನ್‌ಶಾ ಅನ್ನೋ ಇಂಗ್ಲಿಷ್ ಪಾದ್ರಿ 1842ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾನೆ.”

“ಮತ್ತೆ ನಮ್ಮ ಅಳಿಯ ಶಾಂಘೈಲಿ ಕೂತು ಬಂದ ತೇಲೋ ರೈಲು?”

ಸ್ವಾರಸ್ಯ ಇರುವುದು ಅಲ್ಲೇ. ಆ ರೈಲು ದಾರಿಯ ಅಂಚನ್ನು ಕೆಳಗಿನಿಂದ ತಬ್ಬಿಕೊಂಡಿರುತ್ತದೆ. ಅದರ ತೋಳಿನಲ್ಲಿರುವ ವಿದ್ಯುತ್ಕಾಂತಗಳು ಮೇಲಿನ ಕಬ್ಬಿಣದತ್ತ ತಮ್ಮನ್ನೇ ಎಳೆದುಕೊಳ್ಳುತ್ತವೆ. ನಡುವೆ ಸಂದು ಸುಮಾರು 1 ಸೆಂಟಿಮೀಟರ್. ಹತ್ತಿರವಾದಷ್ಟೂ ಸೆಳೆತ ಹೆಚ್ಚು, ದೂರವಾದಷ್ಟೂ ಕಡಿಮೆ. ಸುಮ್ಮನೆ ಬಿಟ್ಟರೆ ಒಂದೋ ಅಂಟಿಕೊಳ್ಳಬೇಕು, ಇಲ್ಲವೇ ಕುಸಿಯಬೇಕು. ಹಾಗಾಗಿ ಸೆಕೆಂಡಿಗೆ ಸಾವಿರಾರು ಸಲ ಸಂದು ಅಳೆದು ಕರೆಂಟನ್ನು ಏರಿಸಿ ಇಳಿಸುತ್ತಾರೆ. ಅಂಗೈ ಮೇಲೆ ಕೋಲು ನಿಲ್ಲಿಸಿದ ಹುಡುಗ ಕೈಯಾಡಿಸುತ್ತಲೇ ಇರುತ್ತಾನಲ್ಲ, ಹಾಗೆ. ಈ ಸರ್ಕಸ್ಸಿನಲ್ಲೇ ಅದು ಗಂಟೆಗೆ 431 ಕಿಲೋಮೀಟರ್ ಓಡಿದ್ದು.

ಜಪಾನಿನವರ ದಾರಿಯೇ ಬೇರೆ. ಮೈನಸ್ 269 ಡಿಗ್ರಿಗೆ ತಣಿಸಿದ, ಕರೆಂಟಿಗೆ ತಡೆಯೇ ಒಡ್ಡದ ಅತಿವಾಹಕ ಸುರುಳಿಗಳು ರೈಲಿನಲ್ಲಿ. ಅವು ಓಡುವಾಗ ಪಕ್ಕದ ಗೋಡೆಯ ಸುರುಳಿಗಳಲ್ಲಿ ಕರೆಂಟ್ ಹುಟ್ಟಿ ರೈಲನ್ನು 10 ಸೆಂಟಿಮೀಟರ್ ಎತ್ತುತ್ತದೆ. ಓಟವಿಲ್ಲದಿದ್ದರೆ ತೇಲಾಟವೂ ಇಲ್ಲ. ಸುಮಾರು 150 ಕಿಲೋಮೀಟರ್ ವೇಗ ಬರುವ ತನಕ ರಬ್ಬರ್ ಚಕ್ರವೇ ಗತಿ. 2015ರ ಏಪ್ರಿಲಿನಲ್ಲಿ ಯಮನಾಶಿಯ ಪರೀಕ್ಷಾ ಮಾರ್ಗದಲ್ಲಿ ಅದು 603 ಮುಟ್ಟಿತು.

“ಹಾಗಾದ್ರೆ ಸುಮ್ನೆ ನಿಂತಲ್ಲೇ ತೇಲೋದು ಯಾವುದೂ ಇಲ್ವಾ?”

“ಒಂದು ಕಪ್ಪೆ ತೇಲಿದೆ.” 1997ರಲ್ಲಿ ನೆದರ್ಲೆಂಡ್ಸಿನಲ್ಲಿ ಆಂಡ್ರೆ ಗೈಮ್ ಎಂಬ ವಿಜ್ಞಾನಿ ತೇಲಿಸಿದ್ದು. ಕಪ್ಪೆಯ ಮೈಯಲ್ಲಿರುವ ನೀರನ್ನು ಅಯಸ್ಕಾಂತ ತುಸುವೇ ಆಚೆ ತಳ್ಳುತ್ತದೆ, ಅಂಥ ವಸ್ತುಗಳಿಗೆ ಪಾದ್ರಿಯ ಕಟ್ಟಳೆ ತಾಗದು. ಕಪ್ಪೆಯೊಂದಕ್ಕೇ 16 ಟೆಸ್ಲಾದಷ್ಟು ಕಾಂತಕ್ಷೇತ್ರ ಬೇಕಾಯಿತು! ಶಾಂಘೈ ರೈಲನ್ನು ಎತ್ತುವ ಕಬ್ಬಿಣವಾದರೋ 2 ಟೆಸ್ಲಾ ಹೊತ್ತಿಗೆ ಸಾಕೆನ್ನುತ್ತದೆ. ಆಗ ಸೆಳೆತ ಚದರ ಸೆಂಟಿಮೀಟರಿಗೆ 16 ಕಿಲೋ ಆಸುಪಾಸು, ಅದಕ್ಕಿಂತ ಹೆಚ್ಚು ಹಿಂಡುವುದು ಕಷ್ಟ.

“ಉಜ್ಜಾಟವೇ ಇಲ್ಲ ಅಂದ್ಮೇಲೆ ರೈಲನ್ನ ಸಾವಿರ ಕಿಲೋಮೀಟರ್ ಸ್ಪೀಡಲ್ಲಿ ಓಡಿಸಬಹುದಲ್ಲ?”

“ರೈಲು ಹಳಿ ಬಿಟ್ರೂ ಗಾಳಿ ರೈಲನ್ನ ಬಿಡಲ್ಲ ಅಕ್ಕ. ವೇಗ ಎರಡರಷ್ಟಾದ್ರೆ ಗಾಳಿಯ ತಡೆ ನಾಲ್ಕರಷ್ಟು, ಅದನ್ನ ಸೀಳೋಕೆ ಬೇಕಾದ ಕರೆಂಟು ಎಂಟರಷ್ಟು.”

ಕರೆಂಟೆಂದ ಕೂಡಲೇ ಪದ್ಮಕ್ಕನ ಕಣ್ಣು ಕಿರಿದಾಯಿತು. “ಕರೆಂಟ್ ಹೋದ್ರೆ?”

ಶಾಂಘೈನದರಲ್ಲಿ ಬ್ಯಾಟರಿ ಇದೆ, ನಿಲ್ಲುವ ತನಕ ಎತ್ತಿ ಹಿಡಿಯುತ್ತದೆ. ಜಪಾನಿನದರಲ್ಲಿ ಅತಿವಾಹಕದ ಕರೆಂಟು ತನ್ನ ಪಾಡಿಗೆ ಸುತ್ತುತ್ತಲೇ ಇರುತ್ತದೆ, ವೇಗ ಇಳಿದಂತೆ ರೈಲು ಚಕ್ರದ ಮೇಲೆ ಕೂರುತ್ತದೆ.

“ಜಪಾನಿನದೇ ವಾಸಿ. ಟಿಕೆಟ್ ಸಿಗುತ್ತಾ?”

“ಟೋಕಿಯೋದಿಂದ ನಗೋಯಾಕ್ಕೆ 2027ಕ್ಕೆ ಬಿಡ್ತೀವಿ ಅಂದಿದ್ರು. ಸುರಂಗ ಕೊರೆದ್ರೆ ನಮ್ಮ ಓಯಿ ನದಿ ನೀರು ಬತ್ತುತ್ತೆ ಅಂತ ಶಿಜುವೊಕಾದವರು ಅಡ್ಡ ನಿಂತ್ರು. 2024ರಲ್ಲಿ ಕಂಪನಿಯವರೇ ಆ ಗಡುವು ಕೈಬಿಟ್ರು.”

“ಅಯ್ಯೋ, ನೀರಿನ ತಕರಾರು ಅಲ್ಲೂ ಇದ್ಯಾ?” ಎಂದು ಪದ್ಮಕ್ಕ ಒಗೆದ ಬಟ್ಟೆ ಹರವಲು ಹೋದರು.