ನೊರಜಿನ ರೆಕ್ಕೆಗೊಂದು ಶಿಸ್ತು

ಆಗುಂಬೆಯಿಂದ ಹುಲಿಕಲ್‌ವರೆಗಿನ ಸೀಮೆಯಲ್ಲಿ ಆಷಾಢ ಬಂತೆಂದರೆ ಅಡಿಕೆ ಹಾಳೆ, ಕಂಬಳಿ, ಪಂಚಾಂಗ ಎಲ್ಲಕ್ಕೂ ಬೂಸಲು ಹಿಡಿಯುವುದು ಸರ್ವವಿದಿತ. ಬೂಸಲಿದ್ದಲ್ಲಿ ಅಣಬೆ ನೊರಜು ಉಂಟು. ನೊರಜಿದ್ದಲ್ಲಿ ಅದರ ಫೋಟೊ ತೆಗೆದು ‘ಇದು ಯಾವ ಹುಳ?’ ಎಂದು ಕೇಳುವವನೂ ಉಂಟು. ಈ ಮೂರನೆಯ ಪ್ರಾಣಿಯ ಉದ್ಧಾರಾರ್ಥವಾಗಿ ಈ ಪ್ರಬಂಧ.

ಬಿದನೂರಿನ, ಅಂದರೆ ಈಗಿನ ನಗರದ, ಶಿವಪ್ಪನಾಯಕ ಹದಿನೇಳನೇ ಶತಮಾನದಲ್ಲೇ ಭೂಮಿಯನ್ನು ಐದು ತರಗತಿ ಮಾಡಿ ಕಂದಾಯದ ಶಿಸ್ತು ಕಟ್ಟಿದ. ಅದೇ ನೆಲದವರಾದ ನಾವು ಫೋಟೊಗಳಿಗೆ ಶಿಸ್ತು ಕಟ್ಟದಿರುವುದು ಅಪಚಾರ. ಉತ್ತಮ: ನೊರಜು ಕಿಟಕಿ ಗಾಜಿನ ಮೇಲೆ ಕೂತು, ಹಿಂದಿನಿಂದ ಬೆಳಕು ಬಿದ್ದು, ರೆಕ್ಕೆಯ ನರಗಳು ಕಾಣುವಂಥದ್ದು. ಮಧ್ಯಮ: ನೊರಜಿದೆ, ನರವಿಲ್ಲ. ಕನಿಷ್ಠ: ಗೋಡೆಯಿದೆ, ನೊರಜು ಇದ್ದಿರಬಹುದು. ಅಧಮ: ಹೆಬ್ಬೆರಳು. ಅಧಮಾಧಮ: ಹೊಡೆದ ಮೇಲೆ ತೆಗೆದದ್ದು.

ಉತ್ತಮ ಸಿಕ್ಕಿತೆನ್ನೋಣ. ಅದು ಅಣಬೆ ನೊರಜುಗಳ ಸಿಯಾರಿಡೀ ಕುಟುಂಬದ್ದಾದರೆ ರೆಕ್ಕೆಯ ಮುಂದಂಚಿನ ನರಗಳು ದಪ್ಪ, ಕಪ್ಪು. ನಡುವಿನಿಂದ ಹೊರಟ ನರವೊಂದು ತುದಿ ಮುಟ್ಟುವ ಮೊದಲು ಕವೆಗೋಲಿನಂತೆ ಇಬ್ಭಾಗವಾಗುತ್ತದೆ. ಬುಡದ ನರ ತೀರ ತೆಳು. ಫೋಟೊದಲ್ಲಿ ಅದು ಮಾಯವಾಗಿ ಕವಲು ಮಾತ್ರ ನಿರಾಧಾರವಾಗಿ ತೇಲುತ್ತಿರುತ್ತದೆ.

ಪೂರ್ವಪಕ್ಷ: ನನ್ನ ಚಿತ್ರದಲ್ಲಿ ಎರಡು ಕವಲಿವೆಯಲ್ಲ? ಸಮಾಧಾನ: ಕೂತ ನೊರಜು ರೆಕ್ಕೆಯ ಮೇಲೆ ರೆಕ್ಕೆ ಮಡಿಸಿಡುತ್ತದೆ, ಮೇಲಿನದರೊಳಗಿಂದ ಅಡಿಯದರ ಕವಲೂ ಇಣುಕುತ್ತದೆ. ಹೊಸ ಜಾತಿ ಕಂಡೆನೆಂದು ತೀರ್ಥಹಳ್ಳಿ ಪೇಟೆಗೆಲ್ಲ ಸಾರಬೇಡಿ. ಮುಂದಿನ ನರಗಳಷ್ಟೇ ಗಟ್ಟಿ, ಉಳಿದವು ಮಸುಕು ಓರೆಗೆರೆಗಳಾದರೆ ಅದು ಗೂನುಬೆನ್ನಿನ ಫೋರಿಡ್ ನೊಣ. ರೆಕ್ಕೆ ತುಂಬ ರೋಮವಿದ್ದರೆ ಬಚ್ಚಲಿನದು. ಅದರ ಚರ್ಚೆ ಬಚ್ಚಲಲ್ಲೇ ಆಗಲಿ.

1912ರಲ್ಲಿ, ಸೊಳ್ಳೆಗಳನ್ನು ಹೊರಗಿಟ್ಟು, ಬ್ರಿಟಿಷ್ ಇಂಡಿಯಾದ ನೊರಜು ವರ್ಗದ ಮೇಲೆ ಸಂಪುಟ ಬರೆದ ಬ್ರುನೆಟ್ಟಿ ವೃತ್ತಿಯಿಂದ ಸಂಗೀತಗಾರ. ಕಿವಿಯ ಬಳಿ ಶ್ರುತಿ ಹಿಡಿಯುವವರನ್ನು ಕೈಬಿಟ್ಟ ಕಾರಣ ಇದರಿಂದ ಊಹ್ಯ.

ಕುಟುಂಬ ದಾಟಿ ಜಾತಿ ಕೇಳಿದಿರೋ, ರೆಕ್ಕೆ ಕೈಚೆಲ್ಲುತ್ತದೆ. ಗಂಡಿನ ಬಾಲದ ತುದಿಯ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ಇಡಬೇಕು. ಫೋಟೊದಲ್ಲಿರುವುದು ಹೆಣ್ಣಾದರೆ ಶಾಸ್ತ್ರ ಬಹುಮಟ್ಟಿಗೆ ಮೌನ.

ಇಷ್ಟನ್ನೂ ತೋಟದ ಮನೆಯ ಅಜ್ಜಯ್ಯನಿಗೆ ಓದಿ ಹೇಳಿದ್ದಾಯಿತು.

‘ಕಚ್ತದನಾ?’

‘ಇಲ್ಲ ಅಜ್ಜಯ್ಯ.’

‘ಅಡಿಕೆ ಸಸಿಗೆ?’

‘ಮರಿಗಳು ಹೆಚ್ಚಾಗಿ ಬೂಸಲು, ಕೊಳೆತ ದರಗು ತಿಂತಾವೆ. ಮಣ್ಣು ತೀರಾ ಒದ್ದೆಯಾದ್ರೆ ಎಳೆ ಬೇರಿಗೂ ಬಾಯಿ ಹಾಕಬಹುದು.’

‘ಹಂಗಾರೆ ನೀರು ಕಮ್ಮಿ ಬಿಡು’ ಎಂದು ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಗಿಳಿದರು.